ಜೋರ್ಡನ್ ನದಿಯ ಆಚೆ ದಡದವರು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ನಮಗೆ ಪವಿತ್ರ ಬೈಬಲಿನಲ್ಲಿ ನಮ್ಮೂರಿನಂತೆಯೇ ಅನಿಸುವ ಒಂದು ನಾಡಿದೆ. ಅದು ಗಿಲ್ಯಾದ್. ಜೋರ್ಡನ್ ನದಿಯ ಪೂರ್ವಕ್ಕಿರುವ ಗುಡ್ಡಗಾಡು ಪ್ರದೇಶ. ಯಬ್ಬೋಕ್ ಹೊಳೆ ಅದರ ನಡುವೆ ಹರಿದು ಜೋರ್ಡನ್ನನ್ನು ಸೇರುತ್ತದೆ. ಮೇವು ಚೆನ್ನಾಗಿದೆಯೆಂದು ದನಕುರಿಗಳಿದ್ದ ರೂಬೇನ್ ಮತ್ತು ಗಾದ್ ಕುಲದವರು ಮೋಶೆಯನ್ನು ಬೇಡಿ ನದಿಯ ಆ ಕಡೆಯೇ ನಿಂತರು. ಮನಸ್ಸೆ ಕುಲದ ಅರ್ಧ ಜನರೂ ಅಲ್ಲೇ ಉಳಿದರು. ಮಿಕ್ಕವರೆಲ್ಲ ನದಿ ದಾಟಿ ಪಶ್ಚಿಮಕ್ಕೆ ಹೋದರು.

ನಮ್ಮ ಗದ್ವಾಲ್ ಎರಡು ಹೊಳೆಗಳ ನಡುವಿನ ಎಡೆದೊರೆ ನಾಡಿನದು. 1956ರವರೆಗೂ ಅದು ರಾಯಚೂರು ಜಿಲ್ಲೆಯ ತಾಲ್ಲೂಕು. ಆ ವರ್ಷ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು, ಗದ್ವಾಲ್ ಮತ್ತು ಆಲಂಪುರ ಆಂಧ್ರಪ್ರದೇಶಕ್ಕೆ ಸೇರಿದವು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು ಎನ್ನುವ ನಮ್ಮ ಪಾಡಿನ ಹಿಂದೆ ಈ ಕಥೆಯಿದೆ.

ಯೆಹೋಶುವನ ಗ್ರಂಥದ 22ನೇ ಅಧ್ಯಾಯ ಓದಿ. ಪೂರ್ವದ ಕುಲಗಳು ಜೋರ್ಡನ್ ಬಳಿ ದೊಡ್ಡದೊಂದು ಬಲಿಪೀಠ ಕಟ್ಟುತ್ತವೆ. ಇದು ದೇವದ್ರೋಹವೆಂದು ಪಶ್ಚಿಮದವರು ಯುದ್ಧಕ್ಕೆ ಸೇರುತ್ತಾರೆ. ಆದರೆ ಮೊದಲು ಯಾಜಕ ಫೀನೆಹಾಸನನ್ನು ಹತ್ತು ಮುಖಂಡರ ಜೊತೆ ಕಳಿಸುತ್ತಾರೆ. ಅವರಿಗೆ ಸಿಕ್ಕ ಉತ್ತರ ಇದು: ಇದು ಬಲಿಗಾಗಿ ಅಲ್ಲ, ಸಾಕ್ಷಿಗಾಗಿ. ನಾಳೆ ನಿಮ್ಮ ಮಕ್ಕಳು ನಮ್ಮ ಮಕ್ಕಳಿಗೆ, ನದಿಯೇ ಗಡಿ, ನಿಮಗೆ ದೇವರಲ್ಲಿ ಪಾಲಿಲ್ಲ ಎಂದಾರು ಎಂಬ ಭಯಕ್ಕೆ ಕಟ್ಟಿದೆವು. ಯುದ್ಧ ನಿಂತಿತು. ರಾಯಚೂರಿಗೆ ಹೋದಾಗ "ನಿಮ್ಮದು ತೆಲುಗು ಕನ್ನಡ" ಎಂದು ಅನಿಸಿಕೊಂಡವರಿಗೆ ಈ ಭಯ ಹೊಸದಲ್ಲ.

ಅದೇ ಗಿಲ್ಯಾದಿನವರ ಇನ್ನೊಂದು ಮುಖ ನ್ಯಾಯಸ್ಥಾಪಕರ ಗ್ರಂಥದ 12ನೇ ಅಧ್ಯಾಯದಲ್ಲಿದೆ. ಎಫ್ರಯಿಮ್ ಕುಲದವರು ಇವರನ್ನು ಓಡಿಹೋದವರೆಂದು ಹೀಯಾಳಿಸಿದ್ದರು. ಯೆಪ್ತಾಹನ ಕಾಲದಲ್ಲಿ ಗಿಲ್ಯಾದಿನವರು ಗೆದ್ದು ನದಿಯ ಹಾಯ್ದಾರಿಗಳನ್ನು ಹಿಡಿದರು. ದಾಟಲು ಬಂದವನಿಗೆ "ಶಿಬ್ಬೋಲೆತ್" ಅನ್ನು ಎನ್ನುವರು. ಹಾಗೆಂದರೆ ತೆನೆ, ಹೊಳೆಯ ಹರಿವು ಎಂಬ ಅರ್ಥವೂ ಉಂಟು. "ಸಿಬ್ಬೋಲೆತ್" ಎಂದವನನ್ನು ಅಲ್ಲೇ ಕೊಲ್ಲುವರು. 42,000 ಜನ ಸತ್ತರೆಂದು ಬರೆದಿದೆ. ಮಕ್ಕಳನ್ನು ಹೊರಗಿಟ್ಟಾರೆಂದು ಒಂದು ಕಾಲಕ್ಕೆ ಅಂಜಿದ ದಡದವರೇ ಇವರು.

ಬಿ.ಎಸ್ಸಿ. ಓದುವಾಗ ಲಿಟ್ಮಸ್ ಕಾಗದ ಅದ್ದಿ ಆಮ್ಲವೋ ಕ್ಷಾರವೋ ನೋಡುತ್ತಿದ್ದೆವು. ಕಾಗದ ಸುಳ್ಳು ಹೇಳುವುದಿಲ್ಲ. ಒಂದು ಅಕ್ಷರದ ಉಚ್ಚಾರಣೆಯೂ ಸುಳ್ಳು ಹೇಳುವುದಿಲ್ಲ, ಆದರೆ ಅದು ಹೇಳುವುದು ಆತ ಎಲ್ಲಿ ಮಾತು ಕಲಿತ ಎಂಬುದನ್ನಷ್ಟೇ.

ಈಗ ನಮ್ಮ ತಪ್ಪು. ಕೆಲವು ತಿಂಗಳ ಹಿಂದೆ ಕನ್ನಡ ಪೂಜೆಯಲ್ಲಿ ಮೊದಲನೇ ವಾಚನವನ್ನು ಹೊಸ ಹುಡುಗನೊಬ್ಬನಿಗೆ ಕೊಟ್ಟಿದ್ದೆವು. ಅವನು ತೆಲುಗು ಮಾಧ್ಯಮದವನು. ಚ, ಜ ಎರಡೂ ತೆಲುಗಿನ ಹಾಗೆ ಹಲ್ಲಿಗೆ ತಾಗಿ ಬಂದವು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾವು ನಕ್ಕೆವು. ಪೂಜೆಯ ನಂತರ ಚಹಾ ಕುಡಿಯುವಾಗ ಒಬ್ಬರು ಅವನೆದುರೇ ಅಣಕಿಸಿ ತೋರಿಸಿದರು, ಯಾರೂ ತಡೆಯಲಿಲ್ಲ. ಮುಂದಿನ ವಾರದಿಂದ ಅವನು ಬರಲಿಲ್ಲ.

ದೇವರ ವಾಕ್ಯವನ್ನು ಶುದ್ಧವಾಗಿ ಓದಬೇಡವೇ ಎಂದು ಹಿರಿಯರು ಕೇಳುತ್ತಾರೆ. ಓದಬೇಕು, ನಿಜ. ಹಾಗಿದ್ದರೆ ಶನಿವಾರ ಸಂಜೆ ಅವನನ್ನು ಕೂರಿಸಿಕೊಂಡು ಎರಡು ಸಲ ಓದಿಸಬೇಕಿತ್ತು. ಅದನ್ನು ನಾವು ಮಾಡಲಿಲ್ಲ. ಭಾನುವಾರ ನಕ್ಕದ್ದನ್ನು ಭಾಷೆಯ ಕಾಳಜಿ ಎಂದರೆ ನಾವೇ ನಂಬುವುದಿಲ್ಲ. ರಾಯಚೂರಿನಲ್ಲಿ ಕೇಳಿಸಿಕೊಂಡದ್ದನ್ನು ಇಲ್ಲಿ ನಮಗಿಂತ ಸಣ್ಣವನ ಮೇಲೆ ತೀರಿಸಿಕೊಂಡೆವೇನೋ.

ಅವನ ಮನೆ ಮಕ್ತಲ್ ದಾರಿಯಲ್ಲಿದೆ. ಬರುವ ಭಾನುವಾರ ಪೂಜೆ ಮುಗಿಸಿ ನಾವು ಮೂವರು ಬಸ್ಸಿನಲ್ಲಿ ಹೋಗಲಿದ್ದೇವೆ, ಅಣಕಿಸಿದವರೂ ಸೇರಿ. ಅವನ ತಾಯಿಗೆ ಫೋನ್ ಮಾಡಿದಾಗ, "ಬನ್ರಿ, ಅವನು ಮಾತಾಡ್ತಾನೋ ಇಲ್ಲೋ ಗೊತ್ತಿಲ್ಲ" ಎಂದರು.