ಡ್ಯಾನ್ಯೂಬ್ ದಡದ ಒಂದು ಲೆಕ್ಕ

ನದಿಯ ಹಡಗಿನಲ್ಲಿ ಯುರೋಪ್ ನೋಡಲು ಹೊರಟವರಿಗೆ ಊರುಗಳು ಗಂಟೆಗಳ ಲೆಕ್ಕದಲ್ಲಿ ಸಿಗುತ್ತವೆ. ಜರ್ಮನಿಯ ಪಸ್ಸಾವ್‌ನಿಂದ ಡ್ಯಾನ್ಯೂಬ್ ಗುಂಟ ಬಂದ ನಮ್ಮ ಹಡಗು ಬುಡಾಪೆಸ್ಟ್‌ನಲ್ಲಿ ನಿಂತದ್ದು ಒಂದೇ ಹಗಲು. ಬೆಳಿಗ್ಗೆ ಇಳಿಯಬೇಕು, ರಾತ್ರಿ ಊಟದ ಹೊತ್ತಿಗೆ ಹತ್ತಬೇಕು. ತಮ್ಮನ ಒತ್ತಾಯಕ್ಕೆ ಮಣಿದು, ದುಂದುವೆಚ್ಚವೆಂದು ಗೊಣಗುತ್ತಲೇ ಬಂದಿದ್ದ ನಾವಿಬ್ಬರೂ ಉಳಿದವರ ಹಿಂದೆ ಕೋಟೆಗುಡ್ಡ ಹತ್ತಿದೆವು.

ಮಾತ್ಯಾಸ್ ಚರ್ಚಿನ ಎದುರು ಮಾರ್ಗದರ್ಶಿ ಹುಡುಗಿ ಇತಿಹಾಸ ಹೇಳಿದಳು. 1541ರಲ್ಲಿ ಒಟ್ಟೋಮನ್ ತುರ್ಕರು ಬುಡಾ ನಗರವನ್ನು ಹಿಡಿದರು, ಈ ಚರ್ಚನ್ನು ಮಸೀದಿ ಮಾಡಿದರು, 1686ರವರೆಗೆ ಆಳಿದರು. ನಮ್ಮ ಊಟದ ಮೇಜಿನ ಜೊತೆಗಾರರಾದ ಜರ್ಮನಿಯ ಹಿರಿಯರೊಬ್ಬರು ನಮ್ಮ ಕಡೆ ತಿರುಗಿ ನಕ್ಕರು. "ಹಾಗಾದರೆ ನಿಮ್ಮವರು ಇಲ್ಲಿಗೂ ಬಂದಿದ್ದರು!" ಮಾತಿನಲ್ಲಿ ಕುಹಕವಿರಲಿಲ್ಲ. ಆದರೂ ನಾವು ತಟ್ಟನೆ ಹೇಳಿಬಿಟ್ಟೆವು: "ಅವರು ತುರ್ಕರು. ನಾವು ಕರ್ನಾಟಕದವರು."

ಈ ಉತ್ತರ ನಮಗೆ ಬಾಯಿಪಾಠ. ಯಾವ ಕಾಲದಲ್ಲೋ ಯಾವನೋ ಸುಲ್ತಾನ ಕೆಡವಿದ ಗೋಡೆಗೆ ಇವತ್ತಿನ ಸೈಕಲ್ ರಿಪೇರಿಯವನು ಜವಾಬು ಕೊಡಬೇಕೆನ್ನುವ ಮಾತುಗಳನ್ನು ಕೇಳುತ್ತಲೇ ಬೆಳೆದವರು ನಾವು.

ಮಧ್ಯಾಹ್ನದ ಬಿಡುವಿನಲ್ಲಿ ಗುಂಪಿನವರು ಅಂಗಡಿಗಳಿಗೆ ಹೋದರು. ನಾವು ಗುಲ್ ಬಾಬಾನ ದರ್ಗಾ ಹುಡುಕಿಕೊಂಡು ಹೊರಟೆವು. ಗುಲ್ ಎಂದರೆ ಗುಲಾಬಿ ಎಂದು ಉರ್ದು ಶಾಲೆಯ ಮಗುವಿಗೂ ಗೊತ್ತು. ಸಮಾಧಿಗೆ ಅಲ್ಲಿಯವರು 'ತ್ಯುರ್ಬೆ' ಎನ್ನುತ್ತಾರೆ. ನಮ್ಮ 'ತುರ್ಬತ್' ಅದರ ಒಡಹುಟ್ಟು. ಬೆಕ್ತಾಶಿ ಪಂಥದ ಈ ದರ್ವೇಶಿ ಸುಲ್ತಾನ್ ಸುಲೈಮಾನನ ದಂಡಿನ ಜೊತೆ ಬಂದು 1541ರಲ್ಲೇ ತೀರಿಕೊಂಡವನು. ಕಲ್ಲುಹಾಸಿನ ಕಡಿದಾದ ಓಣಿ ಹತ್ತಿದರೆ ಎಂಟು ಮೂಲೆಯ ಪುಟ್ಟ ಕಟ್ಟಡ, ಮೇಲೊಂದು ತಗ್ಗಿನ ಗುಮ್ಮಟ, ಸುತ್ತ ಗುಲಾಬಿ ಗಿಡಗಳು. ತುರ್ಕರು ಹೋದ ಮೇಲೆ ಇದನ್ನೂ ಜೆಸ್ಯೂಟ್ ಪಾದ್ರಿಗಳು ಪ್ರಾರ್ಥನಾಲಯ ಮಾಡಿಕೊಂಡಿದ್ದರು. ಅಭ್ಯಾಸಬಲದಿಂದ ಹೊಸ್ತಿಲಲ್ಲೇ ಬೂಟು ಕಳಚಿ ಫಾತಿಹಾ ಓದಿದೆವು. ತವರಿಗೆ ಬಂದಷ್ಟು ಹಿತವೆನಿಸಿತು.

ಹೊರಗೆ ಕೂತು ಬೂಟಿನ ದಾರ ಕಟ್ಟುವಾಗ ಪೆಚ್ಚಾದೆವು. ಬೆಳಿಗ್ಗೆ ಸಂಬಂಧವೇ ಇಲ್ಲವೆಂದವರು ಮಧ್ಯಾಹ್ನ ನೆಂಟರಾದದ್ದು ಹೇಗೆ? ಬಾಬಾ ಬಂದದ್ದು ಅದೇ ದಂಡಿನ ಜೊತೆಗಲ್ಲವೇ? ಚರ್ಚನ್ನು ಕಸಿದವರನ್ನು ತುರ್ಕರ ಲೆಕ್ಕಕ್ಕೆ ಬರೆದು, ಗುಲಾಬಿಯ ಫಕೀರನನ್ನು ಮಾತ್ರ ನಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದೆವು.

ನಮ್ಮಲ್ಲಿ ಆಸ್ತಿ ಹಂಚುವ ಕ್ರಮವೊಂದಿದೆ. ಸತ್ತವನ ಸಾಲ ತೀರುವವರೆಗೆ ವಾರಸುದಾರರಿಗೆ ಪಾಲಿಲ್ಲ. ಬಿಟ್ಟುಹೋದ ಆಸ್ತಿ ಸಾಲಕ್ಕೆ ಸಾಲದಿದ್ದರೆ ಮಕ್ಕಳು ಸ್ವಂತ ದುಡಿಮೆಯಿಂದ ತುಂಬಲೇಬೇಕೆಂಬ ಕಡ್ಡಾಯವೂ ಇಲ್ಲ. ಅಂದರೆ ತಂದೆಯ ಸಾಲ ಮಗನ ಅಪರಾಧವಲ್ಲ, ಆದರೆ ಅದನ್ನು ದಾಟಿ ಅವನು ಪಾಲಿಗೆ ಕೈಯೊಡ್ಡುವಂತಿಲ್ಲ. ಸೈಕಲ್ ರಿಪೇರಿಯವನಿಗೆ ಯಾವ ಸುಲ್ತಾನನ ಪಾಲೂ ಬಂದಿಲ್ಲ. ಅವನ ಬಳಿ ವಸೂಲಿಗೆ ನಿಲ್ಲುವುದು ಅನ್ಯಾಯವೇ. ಗುಮ್ಮಟ ಕಂಡು ಎದೆಯುಬ್ಬಿಸುವ ನಮ್ಮಂಥವರ ಕತೆ ಬೇರೆ. ಹೆಮ್ಮೆಯೂ ಒಂದು ಪಾಲೇ ತಾನೆ? ಕೊಟ್ಟವನೂ ಪಡೆದವನೂ ಮಣ್ಣಾಗಿರುವಾಗ ಸಾಲ ತೀರಿಸುವುದು ಯಾರಿಗೆ ಎಂದು ಕೇಳಬಹುದು. ಈ ಪ್ರಶ್ನೆ ನಮ್ಮನ್ನೂ ಕಟ್ಟಿಹಾಕುತ್ತದೆ. ಪುಸ್ತಕದ ಆ ಪುಟವನ್ನು ಹರಿಯದೆ ಗಟ್ಟಿಯಾಗಿ ಓದುವುದಷ್ಟೇ ಸದ್ಯ ನಮಗೆ ತೋಚುವ ದಾರಿ.

ಪುಟ ಹರಿಯುವುದು ನಮ್ಮೊಬ್ಬರ ಚಾಳಿಯಲ್ಲವೆಂದು ಸಂಜೆ ಸ್ವಾತಂತ್ರ್ಯ ಚೌಕದಲ್ಲಿ ಕಂಡೆವು. 2014ರಲ್ಲಿ ಅಲ್ಲಿನ ಸರಕಾರ ನಿಲ್ಲಿಸಿದ ಸ್ಮಾರಕದಲ್ಲಿ ಹಂಗೇರಿಯೆಂದರೆ ಜಿಬ್ರೀಲ್ ದೇವದೂತ, ಅವನ ಮೇಲೆರಗುವ ಹದ್ದು ಜರ್ಮನಿ. 1944ರಲ್ಲಿ ಎರಡು ತಿಂಗಳೊಳಗೆ 4 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಕಳಿಸಿದಾಗ ಹಂಗೇರಿಯ ಪೊಲೀಸರೇ ಮುಂದೆ ನಿಂತಿದ್ದರೆಂಬುದನ್ನು ಆ ಶಿಲ್ಪ ಹೇಳುವುದಿಲ್ಲ. ಅದಕ್ಕೇ ಜನ ಅದರೆದುರು ಸತ್ತವರ ಫೋಟೋ, ಪೆಟ್ಟಿಗೆ, ಚಪ್ಪಲಿಗಳನ್ನು ತಂದಿಟ್ಟು ಪ್ರತಿಭಟಿಸಿದ್ದಾರೆ.

ಅಲ್ಲಿಂದ ಸ್ವಲ್ಪ ನಡೆದರೆ ನದಿ. ಸಂಸತ್ ಭವನದ ಹತ್ತಿರ, ನೀರಿನ ಅಂಚಿನಲ್ಲೇ, ಕಬ್ಬಿಣದ 60 ಜೊತೆ ಬೂಟುಗಳು. 1944-45ರ ಚಳಿಗಾಲದಲ್ಲಿ ಆರೋ ಕ್ರಾಸ್ ಪಕ್ಷದ ಬಂದೂಕುಧಾರಿಗಳು ಯಹೂದಿಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸಿ, ಬೆಲೆಬಾಳುತ್ತವೆಂದು ಬೂಟು ಕಳಚಿಸಿ, ಗುಂಡಿಕ್ಕಿ ನದಿಗೆ ಕೆಡವಿದರು. ಕೊಂದವರು ಹಂಗೇರಿಯವರೇ. 2005ರ ಈ ಸ್ಮಾರಕದ ಶಿಲ್ಪಿ ದ್ಯುಲಾ ಪೌಎರ್. ಕಲ್ಪನೆ ಜಾನ್ ತೊಗಾಯ್ ಎಂಬ ಸಿನಿಮಾ ನಿರ್ದೇಶಕನದು. ಆತ ಬುಡಾಪೆಸ್ಟ್‌ನಲ್ಲೇ ಹುಟ್ಟಿದ ತುರ್ಕಿ ತಂದೆತಾಯಿಯರ ಮಗ! ಮಗುವೊಂದರ ಬೂಟಿನೊಳಗೆ ಯಾರೋ ಮಿಠಾಯಿ ಇಟ್ಟುಹೋಗಿದ್ದರು. ಪಕ್ಕದಲ್ಲೇ ಒಬ್ಬ ಹುಡುಗ ಇನ್ನೊಂದು ಬೂಟಿಗೆ ಕಾಲು ತೂರಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದ. ಗದರಬೇಕೆನಿಸಿತು. ಬೆಳಗಿನಿಂದ ನಾವು ಮಾಡಿದ್ದು ನೆನಪಾಗಿ ಸುಮ್ಮನಾದೆವು.

ರಾತ್ರಿ ಊಟದ ಮೇಜಿನಲ್ಲಿ ಅದೇ ಹಿರಿಯರು, ಮಧ್ಯಾಹ್ನ ಎಲ್ಲಿ ಮಾಯವಾದಿರಿ ಎಂದು ವಿಚಾರಿಸಿದರು. ದರ್ಗಾದ ವಿಷಯ ಹೇಳಿದೆವು. ತುಸು ತಡೆದು, "ನೀವು ಬೆಳಿಗ್ಗೆ ಹೇಳಿದ್ದು ಸರಿ. ನಮ್ಮವರು ಇಲ್ಲಿಗೆ ಬಂದಿದ್ದರು. ಆ ಚರ್ಚನ್ನೂ ಕಸಿದುಕೊಂಡಿದ್ದರು" ಎಂದೆವು.

ಅವರು ಚಮಚ ಕೆಳಗಿಟ್ಟರು. ಕಿಟಕಿಯಾಚೆ ದಡದ ದೀಪಗಳು ಹಿಂದೆ ಸರಿಯುತ್ತಿದ್ದವು.

"ನಮ್ಮವರೂ ಬಂದಿದ್ದರು," ಎಂದರು.

ಅವರ ಹೆಂಡತಿ ಬ್ರೆಡ್ಡಿನ ಬುಟ್ಟಿಯನ್ನು ನಮ್ಮ ಕಡೆ ಸರಿಸಿದರು.