ಇಂದಿನ ಧಮ್ಮ ಚಿಂತನೆ: ಮೈತ್ರಿ ಮತ್ತು ಗಂಬೂಟು





ಮಳೆಗಾಲದಲ್ಲಿ ತಿರುಗಾಡಿದರೆ ಎಳೆ ಪೈರು, ಹುಳುಹುಪ್ಪಟೆ ಕಾಲಡಿ ಸಿಕ್ಕಿ ಸಾಯುತ್ತವೆಂದು ಭಿಕ್ಖುಗಳು ಮೂರು ತಿಂಗಳು ಒಂದೆಡೆ ನೆಲೆಸುತ್ತಾರೆ. ಆಶ್ವಯುಜ ಹುಣ್ಣಿಮೆಗೆ ವರ್ಷಾವಾಸ ಮುಗಿಸಿ ಮತ್ತೆ ದಾರಿ ಹಿಡಿಯುತ್ತಾರೆ. ಅದೇ ಹೊತ್ತಿಗೆ ನಮ್ಮ ಜನ ಹೊಲಕ್ಕೆ ಇಳಿಯುತ್ತಾರೆ. ಶೇಂಗಾ ಕೀಳಬೇಕು, ಮೆಕ್ಕೆಜೋಳ ಮುರಿಯಬೇಕು, ಆಮೇಲೆ ಭತ್ತ, ರಾಗಿ ಕೊಯ್ಲು. ಕಾಳಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ. ಅಲ್ಲಿಗೇ ಕೂಲಿಯ ತಾಯಿ ಬರಿಗಾಲಲ್ಲಿ ಬರುತ್ತಾಳೆ.

ಅಹಿರಾಜ ಸುತ್ತದಲ್ಲಿ ಒಂದು ಪ್ರಸಂಗವಿದೆ. ಸಾವತ್ಥಿಯಲ್ಲಿ ಒಬ್ಬ ಭಿಕ್ಖು ಹಾವು ಕಚ್ಚಿ ಸಾಯುತ್ತಾನೆ. ಆತ ನಾಲ್ಕು ಸರ್ಪಕುಲಗಳ ಮೇಲೆ ಮೈತ್ರಿ ಹರಡಿದ್ದರೆ ಸಾಯುತ್ತಿರಲಿಲ್ಲ ಎಂದು ಭಗವಾನರು ಹೇಳಿದರೆಂದು ಸುತ್ತ ತಿಳಿಸುತ್ತದೆ. ಇದನ್ನು ಓದಿದವರಿಗೆ ಪ್ರಶ್ನೆ ಏಳುವುದು ಸಹಜ. ಹಾಗಾದರೆ ಪರಿತ್ತ ಪಠಿಸಿದವರಿಗೆ ಹಾವು ಕಚ್ಚುವುದಿಲ್ಲವೇ? ಕಚ್ಚಿಸಿಕೊಂಡವರ ಮನಸ್ಸಿನಲ್ಲಿ ಮೈತ್ರಿ ಇರಲಿಲ್ಲವೇ?

ನಾನು ಹಾಗೆ ಓದುವುದಿಲ್ಲ. ಅದೇ ತಿಪಿಟಕದ ವಿನಯದಲ್ಲಿ, ಹಾವು ಕಚ್ಚಿದ ಭಿಕ್ಖುವಿಗೆ ಆ ಕಾಲಕ್ಕೆ ಗೊತ್ತಿದ್ದ ಮದ್ದು ಕೊಡಲು ಭಗವಾನರು ಅನುಮತಿ ನೀಡಿದ್ದಾರೆ. ಪಠಣವೊಂದೇ ಸಾಕಾಗಿದ್ದರೆ ಮದ್ದು ಏಕೆ ಬೇಕಿತ್ತು? ಎರಡನ್ನೂ ಜೊತೆಗಿಟ್ಟು ಓದಬೇಕು. ಪರಿತ್ತವನ್ನು ಮಂತ್ರ ಮಾಡಿಕೊಂಡರೆ, ನಾವು ಬಿಟ್ಟುಬಂದ ಮನೆಗೇ ಹಿಂಬಾಗಿಲಿನಿಂದ ಹೋದಂತೆ. ಅಲೌಕಿಕದ ಮೇಲಿನ ನಂಬಿಕೆ ಧಮ್ಮವಲ್ಲ ಎಂದು ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಸ್ಪಷ್ಟಪಡಿಸಿದ್ದಾರೆ.

ಮಕ್ಕಳಿಗೆ ಮೈತ್ರಿ ಎಂದರೇನು ಎಂದು ಕೇಳಿದರೆ “ಫ್ರೆಂಡ್‌ಶಿಪ್ ಸರ್” ಎನ್ನುತ್ತಾರೆ. ಸರಿಯಾದ ಉತ್ತರವೇ. ಮಿತ್ರ ಕತ್ತಲಲ್ಲಿ ಹೊರಟರೆ ಬರೀ “ಒಳ್ಳೆಯದಾಗಲಿ” ಎಂದು ಕಳಿಸುತ್ತೇವೆಯೇ? ಕೈಗೆ ಟಾರ್ಚ್ ಕೊಡುತ್ತೇವೆ. ಮೈತ್ರಿ ಇರುವಲ್ಲಿ ಮುನ್ನೆಚ್ಚರಿಕೆ ತಾನಾಗಿ ಬರುತ್ತದೆ. ಹಾವನ್ನು ಕಂಡಕಂಡಲ್ಲಿ ಹೊಡೆಯದಿರುವುದು ಹಾವಿನ ಮೇಲಿನ ಮೈತ್ರಿ. ಕೊಯ್ಲಿಗೆ ಕರೆದವರು ಗಂಬೂಟು ಕೊಡುವುದು ಮನುಷ್ಯರ ಮೇಲಿನ ಮೈತ್ರಿ. ಎರಡನೆಯದಕ್ಕೆ ದುಡ್ಡು ಖರ್ಚಾಗುತ್ತದೆ, ಅದಕ್ಕೇ ಅದು ಅಪರೂಪ.

ಕೂಲಿಯವರು ಸತ್ತಾಗ “ನಾಗದೋಷ”, “ಹಣೆಬರಹ” ಎಂಬ ಮಾತು ಬೇಗ ಬರುತ್ತದೆ. ಆ ಮಾತು ಆಡಿದ ಕೂಡಲೇ ಬೂಟು ಕೊಡದವರು, ಔಷಧಿ ಇಡದವರು ಎಲ್ಲರೂ ಪಾರು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಈಗ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು. ಲೆಕ್ಕಕ್ಕೆ ಬಂದ ಸಾವಿಗೆ ಯಾರಾದರೂ ಉತ್ತರ ಹೇಳಬೇಕಾಗುತ್ತದೆ. ಹಣೆಬರಹಕ್ಕೆ ಆ ಕಷ್ಟವಿಲ್ಲ.

ಆದ್ದರಿಂದ ಇವನ್ನು ಮನೆಮನೆಗೆ ತಿಳಿಸಿ. ರಾತ್ರಿ ಹೊರಗೆ ಕಾಲಿಡುವಾಗ ಟಾರ್ಚ್ ಇರಲಿ. ನೆಲದ ಮೇಲೆ ಮಲಗಬೇಡಿ. ಮಂಚ ಇಲ್ಲದಿದ್ದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಕಟ್ಟುಹಾವು ನಿದ್ದೆಯಲ್ಲಿ ಕಚ್ಚಿದರೆ ನೋವೇ ಗೊತ್ತಾಗದಿರಬಹುದು. ಎದ್ದಾಗ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು ಕಂಡರೆ ತಡಮಾಡಬೇಡಿ. ಕಚ್ಚಿದ ಜಾಗ ಕೊಯ್ಯಬೇಡಿ, ಚೀಪಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಾಲುಂಗುರ, ಬಳೆ ತೆಗೆಯಿರಿ. ಕೈಕಾಲು ಅಲುಗಾಡದಂತೆ ಇಟ್ಟು 108ಕ್ಕೆ ಕರೆ ಮಾಡಿ. ಹಾವು ಹಿಡಿಯಲು ಹೋಗಬೇಡಿ, ಮಂತ್ರ ಹಾಕುವವರ ಮನೆ ಹುಡುಕಬೇಡಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕರ ವಿಷಕ್ಕೂ ಒಂದೇ ಎಎಸ್‌ವಿ ಇಂಜೆಕ್ಷನ್ ಇದೆ.

ಭಗವಾನರ ಕೊನೆಯ ಉಪದೇಶದ ತಿರುಳು ಅಪ್ಪಮಾದ, ಅಂದರೆ ಮೈಮರೆಯದ ಎಚ್ಚರ. ಆ ಎಚ್ಚರ ನಮ್ಮ ಹೊಸಿಲಿಗೆ ನಿಲ್ಲದೆ ಪಕ್ಕದ ಸಾಲಿನಲ್ಲಿ ಕುಡುಗೋಲು ಹಿಡಿದವರ ಪಾದದವರೆಗೂ ಹೋಗಲಿ.

ಇಂದಿನ ಸಂಕಲ್ಪ: ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಎಎಸ್‌ವಿ ಇದೆಯೇ, ಇಲ್ಲದಿದ್ದರೆ ಹತ್ತಿರ ಎಲ್ಲಿ ಸಿಗುತ್ತದೆ ಎಂದು ಕೇಳಿ, ಬಳಗಕ್ಕೆ ತಿಳಿಸುತ್ತೇನೆ.

ಭವತು ಸಬ್ಬ ಮಂಗಲಂ. ಜೈಭೀಮ್.