ತಟ್ಟೆಯ ಪಕ್ಕ ಕೂತವರು

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ಹದಿನೈದು ದಿನ ಊಟ ಬಿಡಲು ಹೇಳುತ್ತಾನೆ. ನೀರು ಮಾತ್ರ ಬೇಕಾದಷ್ಟು ಕುಡಿಯಬಹುದು. ಅವಧಿ ಮುಗಿದ ಮೇಲೆ ಮಗ ಬಂದು ನಿಲ್ಲುತ್ತಾನೆ. ಋಕ್ಕು, ಯಜುಸ್ಸು, ಸಾಮ ಹೇಳು ಎಂದರೆ ಒಂದೂ ನೆನಪಿಗೆ ಬಾರದು. ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ ಬಂದವನು ಅವನು. ಉದ್ದಾಲಕ ಗದರುವುದಿಲ್ಲ. ಹೋಗಿ ಊಟ ಮಾಡು, ಆಮೇಲೆ ತಿಳಿಯುತ್ತದೆ ಎನ್ನುತ್ತಾನೆ. ಉಂಡು ಬಂದ ಮಗ ಕೇಳಿದ್ದಕ್ಕೆಲ್ಲ ಉತ್ತರಿಸುತ್ತಾನೆ. ಮನಸ್ಸು ಅನ್ನದಿಂದ ಆದದ್ದು ಎಂದು ತೋರಿಸಲು ಉಪನಿಷತ್ತು ಈ ಪ್ರಯೋಗವನ್ನು ಹೇಳಿತು. ನನ್ನ ಮನಸ್ಸಿನಲ್ಲಿ ನಿಂತಿರುವುದು ಆ ಅಪ್ಪ. ಬಾಯಿ ಕಟ್ಟಿ ನಿಂತ ಮಗನ ಮರೆವನ್ನು ಅವನು ಮಗನ ತಪ್ಪೆಂದು ಎಣಿಸಲಿಲ್ಲ.

ಗಮನ ನಿಲ್ಲದ, ಕೂತಲ್ಲಿ ಕೂರಲಾಗದ ತೊಂದರೆ, ಅಂದರೆ ಎಡಿಎಚ್‌ಡಿ ಇರುವ ಮಕ್ಕಳ ತಂದೆ ತಾಯಿ ನಾಲ್ಕು ಜನ ಸೇರಿದರೆ ಮೊದಲು ಏಳುವ ಮಾತು ಊಟದ್ದೇ. ಏನು ಕೊಡಬೇಕು, ಏನು ಬಿಡಿಸಬೇಕು? ಸಕ್ಕರೆ ನಿಲ್ಲಿಸಿದಿರಾ, ಮೈದಾ ಬಿಡಿಸಿದಿರಾ, ಹಾಲು ಕೊಡ್ತೀರಾ? ಈ ಪ್ರಶ್ನೆಗಳ ಹಿಂದಿನ ಸಂಕಟ ನನಗೆ ಅರ್ಥವಾಗುತ್ತದೆ. ಮಗುವಿನ ಮಿದುಳಿನೊಳಗೆ ಕೈ ಹಾಕಲು ತಾಯಿಗೆ ಆಗದು; ತಟ್ಟೆಗೆ ಏನು ಬಡಿಸಬೇಕು ಎಂಬುದು ಅವಳ ಕೈಯಲ್ಲಿದೆ. ಜೊತೆಗೆ ಅವಳ ತಲೆಯ ಮೇಲೆ ಒಂದು ಆರೋಪವೂ ಇರುತ್ತದೆ. ಮಗು ಕೂತಲ್ಲಿ ಕೂರದಿದ್ದರೆ ನಮ್ಮಲ್ಲಿ ಕೇಳುವುದು ಅಮ್ಮನನ್ನೇ: ಏನು ತಿನ್ನಿಸ್ತೀಯ, ಹೇಗೆ ಬೆಳೆಸ್ತಿದೀಯ ಅಂತ. ಅವಳಿಜವಳಿಗಳ ಮೇಲೆ ದಶಕಗಳ ಕಾಲ ನಡೆದ ಅಧ್ಯಯನಗಳು ಎಡಿಎಚ್‌ಡಿಯಲ್ಲಿ ವಂಶವಾಹಿಯ ಪಾಲು ಶೇ 70ರಿಂದ 80ರಷ್ಟು ಎಂದು ತೋರಿಸಿವೆ. ಎತ್ತರದಷ್ಟೇ ಇದೂ ಹುಟ್ಟಿನೊಂದಿಗೆ ಬಂದದ್ದು. ಈ ಮಾತನ್ನು ಮನೆಯ ಹಿರಿಯರಿಗೆ ಒಬ್ಬ ವೈದ್ಯರು ಕೂರಿಸಿಕೊಂಡು ಹೇಳಿದರೆ ತಾಯಿಯ ಅರ್ಧ ಭಾರ ಇಳಿಯುತ್ತದೆ.

ಆಹಾರದ ಮಾತು ಪೂರ್ತಿ ಪೊಳ್ಳೂ ಅಲ್ಲ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಲರ್ಜಿ ತಜ್ಞರಾಗಿದ್ದ ಬೆಂಜಮಿನ್ ಫೈನ್‌ಗೋಲ್ಡ್ 1975ರಲ್ಲಿ ಒಂದು ಪುಸ್ತಕ ಬರೆದು, ಕೃತಕ ಬಣ್ಣ ಮತ್ತು ಸ್ವಾದಗಳನ್ನು ಬಿಡಿಸಿದರೆ ಅತಿಚಟುವಟಿಕೆಯ ಮಕ್ಕಳು ಶಾಂತರಾಗುತ್ತಾರೆ ಎಂದರು. ಎಷ್ಟೋ ಮನೆಗಳು ಅದನ್ನು ನಂಬಿ ಅಡುಗೆಯನ್ನೇ ಬದಲಿಸಿದವು. ಅವರು ಹೇಳಿದಷ್ಟು ದೊಡ್ಡ ಫಲ ಆಮೇಲಿನ ಪರೀಕ್ಷೆಗಳಲ್ಲಿ ಸಿಗಲಿಲ್ಲ, ಆದರೆ ಬಣ್ಣದ ಮೇಲಿನ ಅನುಮಾನ ಸಾಯಲೂ ಇಲ್ಲ. 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು 3 ವರ್ಷದ 153 ಮತ್ತು 8–9 ವರ್ಷದ 144 ಮಕ್ಕಳಿಗೆ ಕೃತಕ ಬಣ್ಣ ಹಾಗೂ ಸೋಡಿಯಂ ಬೆಂಜೊಯೇಟ್ ಬೆರೆಸಿದ ಪಾನೀಯ ಕೊಟ್ಟು ನೋಡಿದರು. ಇವರು ಎಡಿಎಚ್‌ಡಿ ಎಂದು ಗುರುತಿಸಿ ಆರಿಸಿದ ಮಕ್ಕಳಲ್ಲ, ಸಾಮಾನ್ಯ ಮಕ್ಕಳು. ಸರಾಸರಿಯಲ್ಲಿ ಚಡಪಡಿಕೆ ಸ್ವಲ್ಪ ಹೆಚ್ಚಿತು. ಕೆಲವರಲ್ಲಿ ಎದ್ದು ಕಾಣುವಷ್ಟು, ಕೆಲವರಲ್ಲಿ ಏನೂ ಇಲ್ಲ. ಅದರ ಪರಿಣಾಮವಾಗಿ 2010ರಿಂದ ಐರೋಪ್ಯ ಒಕ್ಕೂಟದಲ್ಲಿ ಆ ಪಾನೀಯಗಳಲ್ಲಿದ್ದ ಆರು ಬಣ್ಣಗಳಲ್ಲಿ ಯಾವುದಿದ್ದರೂ ಪೊಟ್ಟಣದ ಮೇಲೆ ಮಕ್ಕಳ ಗಮನಕ್ಕೆ ತೊಂದರೆ ಆಗಬಹುದೆಂಬ ಎಚ್ಚರಿಕೆ ಕಡ್ಡಾಯವಾಯಿತು.

ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ, ಜೂನ್‌ನಲ್ಲಿ ಕಬಾಬಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ಬೇರೆ ಕಾರಣಕ್ಕೆ, ಒಟ್ಟು ಜನರ ಆರೋಗ್ಯಕ್ಕಾಗಿ. ಆದರೂ ಆಗ ಗೋಬಿಯಲ್ಲಿ ಸಿಕ್ಕ ಟಾರ್ಟ್ರಜೀನ್ ಮತ್ತು ಸನ್‌ಸೆಟ್ ಯೆಲ್ಲೊ ಸೌತಾಂಪ್ಟನ್ನಿನ ಆರರ ಪಟ್ಟಿಯಲ್ಲೂ ಇವೆ. ನಮ್ಮ ಅಂಗಡಿಯ ಬಣ್ಣದ ಮಿಠಾಯಿ, ಜೆಲ್ಲಿ, ಜ್ಯೂಸ್ ಪೊಟ್ಟಣದ ಹಿಂಬದಿಯಲ್ಲಿ 102, 110, 122, 124 ಎಂಬ ಅಂಕಿಗಳಿದ್ದರೆ ಅವು ಇದೇ ಬಣ್ಣಗಳು. ಅವನ್ನು ಮನೆಗೆ ತರದಿದ್ದರೆ ಯಾವ ಮಗುವಿಗೂ ನಷ್ಟವಿಲ್ಲ.

ಸಕ್ಕರೆಯ ಕಥೆ ಮಾತ್ರ ಬೇರೆಯೇ ದಾರಿ ಹಿಡಿಯಿತು. 1995ರಲ್ಲಿ ಹಲವು ಪ್ರಯೋಗಗಳ ಫಲಿತಾಂಶ ಒಟ್ಟುಗೂಡಿಸಿ ನೋಡಿದಾಗ, ಸಕ್ಕರೆ ತಿಂದುದರಿಂದ ಮಕ್ಕಳ ನಡತೆ ಬದಲಾದ ಸುಳಿವು ಸಿಗಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಡೇನಿಯಲ್ ಹೂವರ್ ಮತ್ತು ರಿಚರ್ಡ್ ಮಿಲಿಚ್ ಎಂಬ ಮನೋವಿಜ್ಞಾನಿಗಳು ಮಾಡಿದ ಒಂದು ಪ್ರಯೋಗವನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಸಕ್ಕರೆ ತಿಂದರೆ ನಮ್ಮ ಹುಡುಗ ಕೈಗೆ ಸಿಗುವುದಿಲ್ಲ ಎನ್ನುತ್ತಿದ್ದ ತಾಯಂದಿರನ್ನು, ಐದರಿಂದ ಏಳು ವರ್ಷದ ಅವರ ಗಂಡುಮಕ್ಕಳೊಂದಿಗೆ ಕರೆಸಿದರು. ಎಲ್ಲ ಮಕ್ಕಳಿಗೂ ಕೊಟ್ಟದ್ದು ಸಕ್ಕರೆಯೇ ಇಲ್ಲದ ಸಿಹಿ ಪಾನೀಯ. ಅರ್ಧ ತಾಯಂದಿರಿಗೆ ಮಾತ್ರ ‘ನಿಮ್ಮ ಮಗನಿಗೆ ಸಕ್ಕರೆ ಕೊಟ್ಟಿದ್ದೇವೆ’ ಎಂದರು. ಹಾಗೆ ಕೇಳಿಸಿಕೊಂಡ ತಾಯಂದಿರಿಗೆ ಮಗ ಹೆಚ್ಚು ಚಡಪಡಿಸಿದಂತೆ ಕಂಡ. ಅವರು ಮಗನ ಮೈಗೆ ಅಂಟಿಕೊಂಡೇ ಇದ್ದರು, ಹೆಚ್ಚು ತಿದ್ದಿದರು, ಹೆಚ್ಚು ದಿಟ್ಟಿಸಿದರು.

ಆ ತಾಯಂದಿರನ್ನು ನಾನು ದೂರುವುದಿಲ್ಲ. ಭಯಪಟ್ಟ ಪ್ರೀತಿ ನೋಡುವುದೇ ಹಾಗೆ. ಆದರೆ ಆ ನೋಟದ ಕೆಳಗೆ ಕೂತು ಪಾನೀಯ ಕುಡಿಯುತ್ತಿರುವ ಐದು ವರ್ಷದ ಹುಡುಗನನ್ನು ಒಮ್ಮೆ ನೆನೆಯಿರಿ. ಲೋಟದಲ್ಲಿ ಏನಿದೆ ಎಂಬುದಕ್ಕಿಂತ ತನ್ನನ್ನು ಹೇಗೆ ನೋಡಲಾಗುತ್ತಿದೆ ಎಂಬುದು ಅವನ ಮೈಗೆ ಬೇಗ ಇಳಿಯುತ್ತದೆ. ಪಥ್ಯವೆಂಬುದು ಮನೆಯೊಳಗೆ ಪಹರೆಯಾಗಿ ಬಿಟ್ಟರೆ, ತಟ್ಟೆ ಎಷ್ಟು ಶುದ್ಧವಿದ್ದರೂ ಮಗು ಉಣ್ಣುವುದು ಅನುಮಾನವನ್ನೇ. ಹುಟ್ಟುಹಬ್ಬದ ಮನೆಯಲ್ಲಿ ಎಲ್ಲ ಮಕ್ಕಳೂ ಕೇಕಿನ ಸುತ್ತ ನಿಂತಾಗ, ಒಬ್ಬ ಹುಡುಗ ಮಾತ್ರ ಮೂಲೆಯ ಕುರ್ಚಿಯಲ್ಲಿ ಡಬ್ಬಿ ತೆರೆದು ಮನೆಯಿಂದ ತಂದ ಖರ್ಜೂರದ ಉಂಡೆ ತಿನ್ನುತ್ತಾನೆ. ಮೊದಲೇ ಗೆಳೆಯರಿಲ್ಲದವನು. ಅಮೆರಿಕದಲ್ಲಿ ಎಡಿಎಚ್‌ಡಿ ಮಕ್ಕಳ ಗೆಳೆತನದ ಬಗ್ಗೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅವರ ಪೈಕಿ ಅರ್ಧದಷ್ಟು ಮಕ್ಕಳನ್ನು ತರಗತಿಯ ಜೊತೆಗಾರರು ದೂರ ಇಟ್ಟಿದ್ದರು. ಅಂಥ ಮಗುವಿಗೆ ಒಂದು ತುಂಡು ಕೇಕು ಮಾಡುವ ಹಾನಿ ದೊಡ್ಡದೋ, ಆ ಮೂಲೆಯ ಕುರ್ಚಿ ಮಾಡುವ ಹಾನಿ ದೊಡ್ಡದೋ? ನನಗೆ ಕುರ್ಚಿಯದೇ ಹೆದರಿಕೆ.

ಹಾಗಂತ ತಟ್ಟೆಯ ಕಡೆ ಗಮನ ಬೇಡವೆ? ಬೇಕೇ ಬೇಕು. ಕಬ್ಬಿಣದ ವಿಷಯ ಒಂದನ್ನೇ ತೆಗೆದುಕೊಳ್ಳೋಣ. ಗಮನಕ್ಕೆ ಬೇಕಾದ ಡೋಪಮಿನ್ ಮಿದುಳಿನಲ್ಲಿ ತಯಾರಾಗಲು ಕಬ್ಬಿಣ ಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಇಬ್ಬರಿಗೆ ರಕ್ತಹೀನತೆ ಇದೆ. ಇಂಥ ನಾಡಿನಲ್ಲಿ ವಿದೇಶದ ಪಥ್ಯದ ಪಟ್ಟಿ ಹಿಡಿಯುವ ಮೊದಲು ಮಗುವಿನ ಹಿಮೋಗ್ಲೋಬಿನ್, ಫೆರಿಟಿನ್ ನೋಡಿಸುವುದು ಬುದ್ಧಿವಂತಿಕೆ. ಕಡಿಮೆ ಇದ್ದರೆ ವೈದ್ಯರು ಹೇಳಿದಷ್ಟೇ ಮಾತ್ರೆ; ಕಬ್ಬಿಣದ ಮಾತ್ರೆ ಹೆಚ್ಚಾದರೆ ಮಕ್ಕಳಿಗೆ ವಿಷ. ಉಳಿದದ್ದು ನಮ್ಮ ಅಡುಗೆಮನೆಯಲ್ಲೇ ಇದೆ. ಮುದ್ದೆ, ಸೊಪ್ಪಿನ ಸಾರು, ಅದಕ್ಕೆ ಹಿಂಡಿದ ನಿಂಬೆಹಣ್ಣು, ಹುರುಳಿ, ಮೊಟ್ಟೆ. ಊಟದ ಜೊತೆಗೆ ಚಹಾ ಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಒಮೆಗಾ-3 ಕೊಬ್ಬಿನಿಂದ ಲಕ್ಷಣಗಳು ತುಸು ತಗ್ಗುತ್ತವೆ ಎಂಬ ಫಲಿತಾಂಶಗಳಿವೆ. ಆ ಲಾಭ ಸಣ್ಣದು, ಆದರೆ ಮೀನು ತಿನ್ನುವ ಮನೆಯವರಿಗೆ ಬೂತಾಯಿ, ಬಂಗುಡೆ ದುಬಾರಿಯೂ ಅಲ್ಲ, ಹೊಸದೂ ಅಲ್ಲ.

ಎಡಿಎಚ್‌ಡಿಗೆಂದು ಮಾತ್ರೆ ತೆಗೆದುಕೊಳ್ಳುವ ಮಕ್ಕಳ ಊಟದ ಕಷ್ಟ ಇನ್ನೊಂದು ಬಗೆಯದು. ಇದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಹಸಿವನ್ನು ಕೊಲ್ಲುತ್ತದೆ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸು ಬರುತ್ತದೆ, ಸಂಜೆ ಔಷಧದ ಪ್ರಭಾವ ಇಳಿದಾಗ ಮಗುವಿಗೆ ಒಮ್ಮೆಲೇ ಹಸಿವು, ಸಿಟ್ಟು, ಅಳು. ಇದನ್ನು ಬಲ್ಲ ತಾಯಂದಿರು ಮಾತ್ರೆಗೆ ಮೊದಲು ಗಟ್ಟಿ ತಿಂಡಿ ಕೊಡುತ್ತಾರೆ, ಡಬ್ಬಿಯಲ್ಲಿ ಎರಡೇ ಇಡ್ಲಿ ಹಾಕುತ್ತಾರೆ, ಸಂಜೆ ಬಂದ ಕೂಡಲೇ ಇನ್ನೊಂದು ಊಟವನ್ನೇ ಬಡಿಸುತ್ತಾರೆ. ಹೋಂವರ್ಕಿನ ಮಾತು ಆಮೇಲೆ. ಉದ್ದಾಲಕ ಮಾಡಿದ್ದೂ ಇದನ್ನೇ.

ಔಷಧವನ್ನು ಪಥ್ಯದ ಶತ್ರುವೆಂದು ನೋಡುವವರಿಗೆ 1999ರಲ್ಲಿ ಅಮೆರಿಕದಲ್ಲಿ ಬಂದ ಒಂದು ದೊಡ್ಡ ಅಧ್ಯಯನವನ್ನು ನೆನಪಿಸಬೇಕು. 579 ಮಕ್ಕಳನ್ನು ಹದಿನಾಲ್ಕು ತಿಂಗಳು ಅನುಸರಿಸಿದರು. ಚಂಚಲತೆ, ಗಮನದ ಕೊರತೆ ಇವುಗಳ ಮಟ್ಟಿಗೆ ಸರಿಯಾಗಿ ಅಳೆದು ಕೊಟ್ಟ ಔಷಧವೇ ಮುಂದಿತ್ತು. ತಂದೆ ತಾಯಿಗೆ ತರಬೇತಿ, ಶಾಲೆಯಲ್ಲಿ ಬೆಂಬಲ ಇವನ್ನೂ ಸೇರಿಸಿದ ಗುಂಪಿನಲ್ಲಿ ಔಷಧ ಕಡಿಮೆ ಪ್ರಮಾಣದಲ್ಲೇ ಸಾಕಾಯಿತು, ಮನೆಯೊಳಗಿನ ಸಂಬಂಧಗಳೂ ಸುಧಾರಿಸಿದವು. ಬೆಂಬಲ ಎಂದರೆ ಬೆನ್ನು ತಟ್ಟುವ ಮಾತಷ್ಟೇ ಎಂದುಕೊಂಡವರು ಇದನ್ನು ಗಮನಿಸಬೇಕು. ಅದಕ್ಕೆ ಔಷಧದ ಅಳತೆಯನ್ನು ಇಳಿಸುವಷ್ಟು ಶಕ್ತಿ ಇದೆ.

ನಮ್ಮೂರ ಸರ್ಕಾರಿ ಶಾಲೆಯ ಬಿಸಿಯೂಟದಲ್ಲಿ ಅಂಥ ಬೆಂಬಲ ಹೇಗಿರುತ್ತದೆ ಎಂದು ನೋಡಿದ್ದೇನೆ. ಮೂರನೆಯ ತರಗತಿಯ ಒಬ್ಬ ಹುಡುಗ ಸಾಲಿನಲ್ಲಿ ಕೂರುತ್ತಿರಲಿಲ್ಲ. ಸಾರು ಬರುವುದರೊಳಗೆ ಎದ್ದು ಓಡುವುದು, ಪಕ್ಕದವರ ತಟ್ಟೆಗೆ ಕಾಲು ತಾಗಿಸುವುದು, ಆಮೇಲೆ ಏಟು ತಿನ್ನುವುದು. ಅಡುಗೆಯ ಅಕ್ಕ ಒಂದು ದಿನ ಅವನ ಕೈಗೆ ಬಾಳೆಹಣ್ಣಿನ ಬುಟ್ಟಿ ಕೊಟ್ಟರು. ಮೊಟ್ಟೆ ತಿನ್ನದ ಮಕ್ಕಳಿಗೆ ಹಣ್ಣು ಹಂಚುವ ಕೆಲಸ ಅವನದು. ಯಾರು ಮೊಟ್ಟೆ, ಯಾರು ಹಣ್ಣು ಎಂಬುದು ಅವನಿಗೆ ಬಾಯಿಪಾಠವಾಯಿತು. ಸಾಲಿನ ಈ ತುದಿಯಿಂದ ಆ ತುದಿಗೆ ಓಡಿ, ಖಾಲಿ ಬುಟ್ಟಿ ತಂದಿಟ್ಟು, ಬೆವರು ಒರೆಸಿಕೊಂಡು ಕೂತರೆ ಅನ್ನ ಸಾರು ಕೊನೆಯ ತುತ್ತಿನವರೆಗೂ ಉಣ್ಣುತ್ತಿದ್ದ. ‘ಕೂತ್ಕೋ ಅಂದ್ರೆ ಅವನ ಕೈಲಿ ಆಗಕ್ಕಿಲ್ಲ ಸಾರ್, ಓಡಾಡ್ಬುಟ್ಟು ಕೂತ್ಕೋ ಅಂದ್ರೆ ಕೂತ್ಕತಾನೆ’ ಎಂದರು ಆ ಅಕ್ಕ. ಹಣ್ಣು ಕೊಡುವವನನ್ನು ಮಕ್ಕಳು ಹೆಸರು ಹಿಡಿದು ಕರೆಯುತ್ತಿದ್ದರು. ಅವನಿಗೆ ಎಡಿಎಚ್‌ಡಿ ಇತ್ತೋ ಇಲ್ಲವೋ ಯಾರೂ ಪರೀಕ್ಷಿಸಿರಲಿಲ್ಲ. ಅವನ ಮೈ ಏನು ಕೇಳುತ್ತಿದೆ ಎಂಬುದು ಆಕೆಗೆ ತಿಳಿದಿತ್ತು.

ಹೆಣ್ಣುಮಕ್ಕಳಿಗೆ ಇಷ್ಟೂ ಸಿಗುವುದಿಲ್ಲ. ಓಡದೆ, ಕೀಟಲೆ ಮಾಡದೆ, ಕಿಟಕಿಯಾಚೆ ನೋಡುತ್ತ ಕೂರುವ ಹುಡುಗಿಯಲ್ಲೂ ಇದೇ ತೊಂದರೆ ಇರಬಹುದು. ಅವಳನ್ನು ಮಂಕು ಎಂದು ಕರೆದು ಸುಮ್ಮನಾಗುತ್ತೇವೆ.

ಒಬ್ಬ ಅಡುಗೆಯ ಅಕ್ಕನ ಒಳ್ಳೆಯತನದ ಮೇಲೆ ಇಷ್ಟೊಂದು ನಿಂತಿರುವುದು ನನ್ನನ್ನು ಕಾಡುತ್ತದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಆಟಿಸಂ ಇದೆ, ಕಲಿಕಾ ನ್ಯೂನತೆ ಇದೆ. ಎಡಿಎಚ್‌ಡಿಯ ಹೆಸರು ಅದರಲ್ಲಿ ಇಲ್ಲ. ಕಲಿಕಾ ನ್ಯೂನತೆಯ ಪ್ರಮಾಣಪತ್ರ ಇರುವ ಮಗು ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು, ಬರಿಯ ಎಡಿಎಚ್‌ಡಿ ಇರುವ ಮಗುವಿನ ತಾಯಿ ಮುಖ್ಯೋಪಾಧ್ಯಾಯರ ಮನಸ್ಸನ್ನು ನಂಬಿ ನಿಲ್ಲಬೇಕು. ಅವಳು ಒಬ್ಬಳೇ ಹೋದರೆ ‘ಎಲ್ಲ ಮಕ್ಕಳಿಗೂ ಒಂದೇ ನಿಯಮ’ ಎಂಬ ಉತ್ತರ ಸಿಗುತ್ತದೆ. ಹಾಗಾಗಿ ಒಂದೇ ಶಾಲೆಯ ನಾಲ್ಕೈದು ಮನೆಯವರು ಒಟ್ಟಾಗಿ ಹೋಗುವುದು ಒಳ್ಳೆಯದು. ಅಪ್ಪಂದಿರೂ ಹೋಗಬೇಕು, ವೈದ್ಯರ ಪತ್ರವೂ ಕೈಯಲ್ಲಿರಬೇಕು. ಕೇಳಬೇಕಾದ್ದು ಬಹಳವಿಲ್ಲ. ಮಗುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ. ಹೋಂವರ್ಕನ್ನು ಬಾಯಲ್ಲಿ ಹೇಳದೆ ಡೈರಿಯಲ್ಲಿ ಬರೆಸಿ. ಪಾಠದ ನಡುವೆ ಒಮ್ಮೆ ಎದ್ದು ಹೋಗಿ ಬರಲು, ಕಪ್ಪುಹಲಗೆ ಒರೆಸಲು, ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬರಲು ಬಿಡಿ. ಆಟದ ಪೀರಿಯಡ್ಡನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬೇಡಿ.